ಚಿಗರಿ ಕಾಯೋರು, ಆನೆ ಕಾಯೋರು



ಬಹಳ ದಿನ ಆಯ್ತು, ಈ ಪೇಜಿನಲ್ಲಿ ಏನೂ ಬರೆದಿಲ್ಲ. ಮಗಳು ಅಳಿಯ ಕೀನ್ಯಾ ದೇಶದ ನೈರೋಬಿಯಲ್ಲಿದ್ದಾರೆ. ಗೋವಿನಜೋಳ ಮಾರಿ, ಸಂಕ್ರಾಂತಿ ಮುಗಿಸಿ, ನಾನು ಮತ್ತು ಮನೆಯವಳು ಅಲ್ಲಿಗೆ ಹೋಗಿ ಬಂದೆವು. ಸಫಾರಿ ಫೋಟೋ ಹಾಕ್ರಿ ಅಂತ ಸುಮಾರು ಮಂದಿ ಕೇಳಿದಿರಿ. ಹಾಕ್ತೀನಿ. ಅದಕ್ಕೂ ಮೊದಲು ಅಲ್ಲಿಯ ಒಂದು ಹೊಲದ ಸುದ್ದಿ ಹೇಳಬೇಕು.

ನೈರೋಬಿಯಿಂದ ಬೆಳಿಗ್ಗೆ 8ರ ರೈಲಿಗೆ ವೋಯ್ ಅನ್ನೋ ಊರಿಗೆ ಹೊರಟೆವು. ಸ್ಟೇಷನ್ನಿನಲ್ಲಿ ಎಲ್ಲರ ಬ್ಯಾಗನ್ನೂ ಸಾಲಾಗಿ ನೆಲಕ್ಕಿಡಿಸಿ ನಾಯಿ ಕಡೆಯಿಂದ ಮೂಸಿಸುತ್ತಾರೆ. ನಮ್ಮವಳ ಶೇಂಗಾ ಚಟ್ನಿ, ರೊಟ್ಟಿ ಇದ್ದ ಚೀಲದ ಹತ್ತಿರ ನಾಯಿ ಸ್ವಲ್ಪ ಜಾಸ್ತೀನೇ ನಿಂತಿತು. ಆ ರೊಟ್ಟಿಯನ್ನ ಹಿಂದಿನ ರಾತ್ರೀನೇ ಪ್ಲಾಸ್ಟಿಕ್ ಕವರಿನಿಂದ ಬಟ್ಟೆ ಚೀಲಕ್ಕೆ ಹಾಕಿಸಿದ್ದರು ಅಳಿಯ. 2017ರಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲ ಬಂದ್, ಸಿಕ್ಕರೆ ದಂಡ.

ಈ ಹೊಸ ರೈಲು ಶುರುವಾಗಿದ್ದೂ 2017ರಲ್ಲೇ. ಪಕ್ಕದಲ್ಲಿ ಹಳೇ ಮೀಟರ್ ಗೇಜ್ ಹಳಿ ಇನ್ನೂ ಕಾಣುತ್ತದೆ, ನಮ್ಮ ಹುಬ್ಬಳ್ಳಿ–ಬೆಂಗಳೂರು ಲೈನ್ ಮೊದಲು ಇದ್ದಂಥದ್ದು. 1896ರಲ್ಲಿ ಬ್ರಿಟಿಷರು ಆ ಕೆಲಸ ಶುರು ಮಾಡಿ, ನಮ್ಮ ದೇಶದಿಂದ ಸುಮಾರು 32 ಸಾವಿರ ಕೂಲಿಗಳನ್ನು ಹಡಗಿನಲ್ಲಿ ಒಯ್ದಿದ್ದರು. ಸುಮಾರು 2,500 ಮಂದಿ ಅಲ್ಲೇ ಸತ್ತರು. 1898ರಲ್ಲಿ ತ್ಸಾವೋ ಹೊಳೆಗೆ ಸೇತುವೆ ಕಟ್ಟುವಾಗ ಎರಡು ಸಿಂಹ ರಾತ್ರಿ ಟೆಂಟಿಗೇ ನುಗ್ಗಿ ಕೂಲಿಗಳನ್ನು ಎಳೆದೊಯ್ಯುತ್ತಿದ್ದವಂತೆ. ನಾವು ಅದೇ ತ್ಸಾವೋ ಕಾಡಿನ ನಡುವೆ ರೊಟ್ಟಿ ತಿನ್ನುತ್ತಾ ಹೊರಟಿದ್ದೆವು. ಆನೆ ದಾಟಲಿ ಅಂತ ಹಳಿ ಕೆಳಗೆ ಅಲ್ಲಲ್ಲಿ ದಾರಿ ಬಿಟ್ಟಿದ್ದಾರೆ.

ಮರುದಿನ ಸಫಾರಿ. ತ್ಸಾವೋ ಪೂರ್ವ, ಪಶ್ಚಿಮ ಎರಡೂ ಸೇರಿ ಸುಮಾರು 22 ಸಾವಿರ ಚದರ ಕಿಲೋಮೀಟರ್. ಅಂದ್ರೆ ನಮ್ಮ ಹಾವೇರಿ ಜಿಲ್ಲೆಯಂಥವು ನಾಲ್ಕು ಹಿಡಿದು ಮೇಲೆ ಉಳೀತೈತಿ. ನಮ್ಮ ರಾಣೇಬೆನ್ನೂರು ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್ ಅಷ್ಟೇ. ಕೆಮ್ಮಣ್ಣು ಮೈಮೇಲೆ ಎರಚಿಕೊಂಡು ಅಲ್ಲಿಯ ಆನೆಗಳೆಲ್ಲ ಇಟ್ಟಿಗೆ ಬಣ್ಣ. ನಲವತ್ತು ಆನೆಯ ಒಂದು ಹಿಂಡು ಜೀಪಿನ ಮುಂದೆ ದಾಟಿತು. ಮೊಮ್ಮಗ ಕೇಳಿದ:

“ಅಜ್ಜಾ, ನಿನ್ನ ಹೊಲಕ್ಕೂ ಹಿಂಗ ಬರ್ತಾವೇನು?”

“ಆನೆ ಇಲ್ಲಪ್ಪ, ಚಿಗರಿ ಬರ್ತಾವು.”

“ಬಂದ್ರ ಏನ್ ಮಾಡ್ತಿ?”

ನಾನು ಮಾತು ಬದಲಿಸಿದೆ. ಯಾಕಂದ್ರೆ ನಮ್ಮ ಮನೆ ಕುಮಾರಪಟ್ಟಣದಲ್ಲಿದ್ದರೂ ಹುಣಸಿಕಟ್ಟಿ ಕಡೆಯ ಹೊಲದ ಶೆಡ್ಡಿನಲ್ಲಿ ಎರಡು ಸುರುಳಿ ತಂತಿ ಇತ್ತು. ಹೋದ ವರ್ಷ ಎಳೇ ಗೋವಿನಜೋಳವನ್ನ ಚಿಗರಿ ಹಿಂಡು ಎರಡು ಸಲ ಮೇದಿತ್ತು, ಎರಡು ಸಲ ಬಿತ್ತಿದೆ. ಮೂರನೇ ಸಲ ಬಂದ್ರೆ ರಾತ್ರಿ ಮೋಟರಿನ ಲೈನ್ ನೇರ ತಂತಿಗೆ ಕೊಟ್ಟೇಬಿಡೋದು ಅಂತ ತಂದಿಟ್ಟಿದ್ದೆ. ಕೊಡಲಿಲ್ಲ. ಆದರೆ ಈ ಮುಂಗಾರಿಗೆ ಕೊಡಬೇಕು ಅಂತಲೇ ಮನಸ್ಸಿನಲ್ಲಿತ್ತು.

ನಮ್ಮ ಡ್ರೈವರನ ಊರು ಅಲ್ಲೇ ಸಾಗಲ್ಲಾ ಗುಡ್ಡದ ಬುಡದಲ್ಲಿ. ಸಂಜೆ ಕರಕೊಂಡು ಹೋದ. ಅವನ ಸೋದರತ್ತೆಯದು ಎರಡೆಕರೆ ಹೊಲ. ಆ ಅಮ್ಮ “ಮಹಿಂದಿ, ಮಹಿಂದಿ” ಅಂತ ಕೈ ತೋರಿಸಿದಾಗ ನಮ್ಮನ್ನೇ ಹಿಂದೀಯವರು ಅಂತಿದ್ದಾಳೆ ಅಂದುಕೊಂಡೆ. ಅಲ್ಲ, ಅವರ ಸ್ವಾಹಿಲಿ ಭಾಷೆಯಲ್ಲಿ ಗೋವಿನಜೋಳಕ್ಕೆ ಆ ಹೆಸರು!

ಹೊಲದ ಸುತ್ತ ಹತ್ತು ಮೀಟರಿಗೊಂದರಂತೆ ಜೇನುಪೆಟ್ಟಿಗೆ ನೇತುಹಾಕಿ, ಒಂದಕ್ಕೊಂದು ತಂತಿ ಬಿಗಿದಿದ್ದರು. ಕರೆಂಟಿಲ್ಲ. ನಡುನಡುವೆ ಬರೀ ಹಲಗೆಯ ಸುಳ್ಳು ಪೆಟ್ಟಿಗೆ. ಆನೆ ತಂತಿ ತಳ್ಳಿದರೆ ಪೆಟ್ಟಿಗೆಗಳೆಲ್ಲ ಅಲ್ಲಾಡಿ ಜೇನು ಏಳುತ್ತದೆ. ಕಣ್ಣಿನ ಸುತ್ತ, ಸೊಂಡಿಲ ಒಳಗೆ ಕಚ್ಚಿಸಿಕೊಂಡ ಆನೆ ಹಿಂದಕ್ಕೆ ಓಡುತ್ತದೆ. ಲೂಸಿ ಕಿಂಗ್ ಎಂಬ ಸಂಶೋಧಕಿ ‘ಸೇವ್ ದಿ ಎಲಿಫೆಂಟ್ಸ್’ ಸಂಸ್ಥೆಯ ಮೂಲಕ ಆ ಊರಿನ ರೈತರ ಜೊತೆ ಸೇರಿ ಬೆಳೆಸಿದ ಬೇಲಿ ಇದು. ತುಪ್ಪ ಮಾರಿದ್ದು ರೈತರಿಗೇ. ಬರಗಾಲ ಬಿದ್ದರೆ ಜೇನು ಗೂಡು ಬಿಟ್ಟು ಹೋಗುತ್ತದೆ, ಆಗ ಬೇಲಿಗೆ ಬಲ ಇಲ್ಲ ಅಂತಲೂ ಆ ಅಮ್ಮ ಮುಚ್ಚಿಡದೆ ಹೇಳಿದಳು. ತೆನೆ ಬಲಿಯುವಾಗ ಈಗಲೂ ಡಬ್ಬಿ ಬಡಿಯುತ್ತಾ ರಾತ್ರಿ ಎದ್ದಿರುತ್ತಾಳೆ. ನಮ್ಮಪ್ಪ ಮಂಚಿಗೆ ಮೇಲೆ ಕವಣೆ ಹಿಡಿದು ಕೂಡುತ್ತಿದ್ದದ್ದು ನೆನಪಾಯಿತು.

ಆಮೇಲೆ ಆಕೆ ಡ್ರೈವರನ ಬಾಯಿಂದ ನನ್ನನ್ನು ಕೇಳಿಸಿದಳು: “ನಿಮ್ಮಲ್ಲಿ ಏನು ಮಾಡ್ತೀರಿ?”

ಇದೇ ಪ್ರಶ್ನೆ ಎರಡನೇ ಸಲ. ಒಂದು ರಾತ್ರಿಗೆ ಕ್ವಿಂಟಲ್‌ಗಟ್ಟಲೆ ತಿನ್ನೋ ಪ್ರಾಣಿಯನ್ನ ಕೊಲ್ಲದೆ ಕಾಯುವವಳ ಮುಂದೆ, ಗೇಣು ಗೋವಿನಜೋಳ ಮೇದ ಚಿಗರಿಗೆ ಕರೆಂಟ್ ಇಡ್ತೀನಿ ಅಂತ ಹೇಳೋಕೆ ಬಾಯಿ ಬರಲಿಲ್ಲ. “ನಾವೂ ಕಾಯ್ತೀವಿ” ಅಂದೆ. ಅದು ಸುಳ್ಳು ಅಂತ ನಮ್ಮವಳಿಗೆ ಗೊತ್ತಿತ್ತು. ರೂಮಿಗೆ ಬಂದ ಮೇಲೆ, “ಊರಿಗೆ ಹೋದ ಕೂಡ್ಲೇ ಆ ತಂತಿ ತಗೀರಿ. ಬದುವಿನ ಮ್ಯಾಲೆ ಕುರಿ ಕಾಯೋ ಹುಡುಗರು ಅಡ್ಡಾಡ್ತಾವು” ಅಂದಳು. ಅಷ್ಟೇ.

ಜೇನಿನ ಬೇಲಿ ಚಿಗರಿಗೆ ನಾಟುತ್ತದೆ ಅಂತ ನಾನು ಹೇಳುತ್ತಿಲ್ಲ, ಅದು ಆನೆಗೆ ಮಾಡಿದ್ದು. ನಾನು ತಂದಿದ್ದು ಬೇಲಿ ಅಲ್ಲ, ಆ ಪ್ರಶ್ನೆ. ಕೃಷ್ಣಮೃಗ ಕೊಂದರೆ 1972ರ ಕಾಯ್ದೆ ಪ್ರಕಾರ ಜೈಲು, ಅದು ಎಲ್ಲರಿಗೂ ಗೊತ್ತು. ಆದರೆ ನೇರ ಲೈನಿಗೆ ಚಿಗರಿ ಯಾವುದು, ಎತ್ತು ಯಾವುದು, ಮಗ ಯಾವನು ಅಂತ ಗೊತ್ತಾಗಲ್ಲ.

ತಂತಿ ಗುಜರಿಗೆ ಹಾಕಿದೆ. ಈ ಮುಂಗಾರಿಗೆ ಅಕ್ಕಪಕ್ಕದ ನಾಲ್ಕು ಹೊಲದವರು ಸೇರಿ ಒಂದು ಮಂಚಿಗೆ ಹಾಕಿ, ಪಾಳಿ ಮೇಲೆ ಮಲಗೋಣ ಅಂತ ಮಾತಾಗಿದೆ. ಮೇದು ಹೋದರೆ ಅವತ್ತೇ ಫೋಟೋ ತೆಗೆದು, ಪಹಣಿ ಹಚ್ಚಿ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡೋದು. ಮಿರಗ ಮಳೆಗೆ ಮೊದಲು ಹುಣಸಿಕಟ್ಟಿ ಕಡೆ ಹೊಲ ಇರೋರು ಒಮ್ಮೆ ಕೂಡೋಣ. ಶೇಂಗಾ ಚಟ್ನಿ ನಮ್ಮ ಮನೆಯದು.