ಕೊನೆಯ ಬೆಂಚಿನ ಹುಡುಗನ ಕನ್ನಡಕದಂಗಡಿ

ಹೊಸದುರ್ಗ ತಾಲ್ಲೂಕಿನ ಶಾಲೆಯೊಂದರಲ್ಲಿ ನಾನು ಪಾಠ ಮಾಡುತ್ತಿದ್ದಾಗ ಕೊನೆಯ ಬೆಂಚಿನ ಹುಡುಗನೊಬ್ಬ ಕರಿಹಲಗೆಯ ಲೆಕ್ಕವನ್ನು ಸದಾ ತಪ್ಪಾಗಿ ಬರೆದುಕೊಳ್ಳುತ್ತಿದ್ದ. 3 ಇದ್ದಲ್ಲಿ 8 ಬರೆಯುತ್ತಿದ್ದ. ಅಸಡ್ಡೆಯೆಂದು ಬಗೆದು ಬೆತ್ತದಿಂದ ಹೊಡೆದೆ. ದೂರದ್ದು ಅವನಿಗೆ ಕಾಣುತ್ತಿರಲಿಲ್ಲವೆಂಬುದು ನನಗೆ ತಿಳಿದದ್ದು ಅವನು ಶಾಲೆ ಬಿಟ್ಟ ಮೇಲೆ.

ಅದೇ ಹುಡುಗ ಚಿತ್ರದುರ್ಗದಲ್ಲಿ ಹಲವು ವರ್ಷ ದುಡಿದು, ದೃಷ್ಟಿಪರೀಕ್ಷೆ ಕಲಿತು, ಹೊಳಲ್ಕೆರೆಯಲ್ಲಿ ಸ್ವಂತ ಕನ್ನಡಕದಂಗಡಿ ತೆರೆದಿದ್ದಾನೆ. ಮೊನ್ನೆ ಅಲ್ಲಿಗೆ ಹೋಗಿದ್ದೆ.

"ಬಂಡವಾಳವೆಲ್ಲ ಫ್ರೇಮುಗಳಲ್ಲೇ ಕೂತಿದೆ ಸಾರ್. ಆದರೆ ಫ್ರೇಮು ಎಷ್ಟೇ ಚೆಂದವಿರಲಿ, ಎರಡು ಕಣ್ಪಾಪೆಗಳ ನಡುವಿನ ಅಳತೆ ತಪ್ಪಿದರೆ ಕಣ್ಣಿಗೆ ಆಯಾಸ, ತಲೆನೋವು" ಎಂದ. 2025ರ ಸೆಪ್ಟೆಂಬರಿನಲ್ಲಿ ಕನ್ನಡಕದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದರಿಂದ ಕೊಳ್ಳುವವರಿಗೆ ತುಸು ಹಗುರವಾಯಿತಂತೆ.

ಕನ್ನಡಕ ಓದುಬರಹದವರಿಗೆ ಮಾತ್ರವೆಂಬ ಭಾವನೆ ನಮ್ಮಲ್ಲಿದೆ. ಅಸ್ಸಾಮಿನಲ್ಲಿ ನಲವತ್ತು ದಾಟಿದ ಚಹಾ ಎಲೆ ಕೀಳುವವರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟಾಗ, ಕನ್ನಡಕವಿಲ್ಲದವರಿಗೆ ಹೋಲಿಸಿದರೆ ಅವರ ದುಡಿಮೆ ಸುಮಾರು ಶೇ. 22ರಷ್ಟು ಹೆಚ್ಚಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲಿದ್ದಾಗಲೇ ಹಳ್ಳಿಯ ತಾಯಿಯೊಬ್ಬರು ಹೊಸ ಕನ್ನಡಕ ತೊಟ್ಟು ಸೂಜಿಗೆ ದಾರ ಪೋಣಿಸಿ ನಕ್ಕರು.

ಬಳಿಕ ನನ್ನ ಸರದಿ. ಗೋಡೆಯ ಪಟ್ಟಿಯ ಕೆಳಸಾಲಿನಲ್ಲಿ 3 ಇದ್ದುದನ್ನು ನಾನು 8 ಎಂದೆ. ಅವನು ಗದರಲಿಲ್ಲ.

"ಪರವಾಗಿಲ್ಲ ಸಾರ್, ನಿಧಾನವಾಗಿ ಇನ್ನೊಮ್ಮೆ ನೋಡಿ" ಎಂದು ಗಾಜು ಬದಲಿಸಿದ.

ಅಂದು ನಾನು ಆಡಬೇಕಾಗಿದ್ದ ಮಾತು ಅದು.