ಡಾನ್ ಕಣ್ಣಿಗೆ ಕವಿದ ಕತ್ತಲೆ

1972ರಲ್ಲಿ ತೆರೆಕಂಡ ‘ದಿ ಗಾಡ್‌ಫಾದರ್’ ಚಿತ್ರದ ಮೊದಲ ದೃಶ್ಯ ನೆನಪಿದೆಯೇ? ಹೊರಗೆ ಮಗಳ ಮದುವೆ. ಬಿಸಿಲು, ಹಾಡು, ಕುಣಿತ. ಒಳಗೆ ಮಬ್ಬುಗತ್ತಲೆಯ ಕೋಣೆಯಲ್ಲಿ ಡಾನ್ ಕಾರ್ಲಿಯೋನೆ ಕುಳಿತಿದ್ದಾನೆ. ಒಬ್ಬಾತ ನ್ಯಾಯ ಬೇಡಲು ಬಂದಿದ್ದಾನೆ. ಡಾನ್‌ನ ಹಣೆ, ಮೂಗು, ಗಲ್ಲ ಕಾಣುತ್ತವೆ. ಕಣ್ಣು ಮಾತ್ರ ಎರಡು ಕಪ್ಪು ಗುಳಿ. ಆತನ ಮನಸ್ಸಿನಲ್ಲಿ ಏನಿದೆಯೋ ತಿಳಿಯದೆ ಬಂದವನ ಜೊತೆಗೆ ನೋಡುವವರೂ ಚಡಪಡಿಸುತ್ತಾರೆ.

ಇದರಲ್ಲಿ ಗೂಢಾರ್ಥ ಹುಡುಕಿದವರು ಬಹಳ ಮಂದಿ. ಆದರೆ ಅದರ ಬೇರು ಇದ್ದದ್ದು ಮೇಕಪ್ಪಿನಲ್ಲಿ. ಚಿತ್ರೀಕರಣದ ವೇಳೆ ಮಾರ್ಲನ್ ಬ್ರಾಂಡೊಗೆ 47 ವರ್ಷ. ಅವರನ್ನು ಮುದುಕನಾಗಿಸುವ ಹೊಣೆ ಹೊತ್ತ ಡಿಕ್ ಸ್ಮಿತ್, ಚರ್ಮವನ್ನು ಎಳೆದು ಹಿಡಿದು ದ್ರವರೂಪದ ರಬ್ಬರ್ ಲೇಪಿಸುತ್ತಿದ್ದರು. ಒಣಗಿದ ಮೇಲೆ ಕೈಬಿಟ್ಟರೆ ಸುಕ್ಕು ತಾನಾಗಿ ಮೂಡುತ್ತಿತ್ತು. ಕೆನ್ನೆ ಉಬ್ಬಿ ಜೋತುಬೀಳಲು ಬಾಯೊಳಗೆ ದಂತವೈದ್ಯರು ಮಾಡಿಕೊಟ್ಟ ಒಂದು ಸಾಧನ. ಇಂಥ ಮುಖಕ್ಕೆ ಎದುರಿನಿಂದ ಬೆಳಕು ಬಿಟ್ಟರೆ ಗುಟ್ಟು ರಟ್ಟು! ಸುಕ್ಕು ಎದ್ದು ಕಾಣಬೇಕಾದರೆ ಅದಕ್ಕೆ ನೆರಳು ಬೇಕು. ಛಾಯಾಗ್ರಾಹಕ ಗಾರ್ಡನ್ ವಿಲ್ಲಿಸ್ ದೀಪಗಳನ್ನು ನೆತ್ತಿಯ ಮೇಲೆ ತೂಗುಹಾಕಿದರು. ಮಟಮಟ ಮಧ್ಯಾಹ್ನ ಅಂಗಳದಲ್ಲಿ ನಿಲ್ಲಿಸಿ ಫೋಟೊ ತೆಗೆದರೆ ಹುಬ್ಬಿನ ನೆರಳು ಕಣ್ಣಿಗೆ ಕವಿಯುತ್ತದಲ್ಲ, ಅದೇ ಲೆಕ್ಕ. ಕವಿದ ನೆರಳನ್ನು ತೆಗೆಯದೆ ಹಾಗೇ ಉಳಿಸಿಕೊಂಡದ್ದು ಮಾತ್ರ ವಿಲ್ಲಿಸ್ ಅವರ ಎದೆಗಾರಿಕೆ.

ಪ್ಯಾರಮೌಂಟ್ ಕಂಪನಿಯವರು ಈ ಕತ್ತಲೆ ಕಂಡು ಗಾಬರಿಯಾದರು. ಅವರಿಗೆ ಮೊದಲೇ ಬ್ರಾಂಡೊ ಬೇಕಿರಲಿಲ್ಲ, ಆಲ್ ಪಚಿನೊ ಸಹ ಬೇಕಿರಲಿಲ್ಲ. ಆಗಿನ್ನೂ 32ರ ಹರೆಯದಲ್ಲಿದ್ದ ನಿರ್ದೇಶಕ ಕೊಪ್ಪೊಲಾ, ಇವತ್ತು ಕೆಲಸ ಹೋದೀತೋ ನಾಳೆ ಹೋದೀತೋ ಎಂಬ ಆತಂಕದಲ್ಲೇ ಸೆಟ್ಟಿಗೆ ಬರುತ್ತಿದ್ದರು. ಪಚಿನೊ ಸ್ಥಿತಿಯೂ ಅಷ್ಟೇ. ಮೊದಮೊದಲು ಮೆತ್ತಗಿದ್ದು ಕೊನೆಗೆ ಕಲ್ಲಾಗುವ ಮೈಕೇಲನ ಪಾತ್ರ ಅದು. ಮೊದಲ ವಾರಗಳ ತುಣುಕು ನೋಡಿದವರಿಗೆ ಈ ಹುಡುಗ ಏನೂ ಮಾಡುತ್ತಿಲ್ಲ ಅನ್ನಿಸಿತು. ಹೋಟೆಲಿನಲ್ಲಿ ಮೈಕೇಲ್ ಇಬ್ಬರನ್ನು ಗುಂಡಿಕ್ಕಿ ಕೊಲ್ಲುವ ದೃಶ್ಯವನ್ನು ಕೊಪ್ಪೊಲಾ ಹಿಂದುಮುಂದು ಮಾಡಿ ಬೇಗನೆ ಚಿತ್ರಿಸಿಕೊಂಡರು. ಅದನ್ನು ನೋಡಿದ ಮೇಲೆ ಪಚಿನೊನನ್ನು ತೆಗೆಯುವ ಮಾತು ನಿಂತಿತು.

ಡಾನ್ ತೊಡೆಯ ಮೇಲಿನ ಬೆಕ್ಕಿಗೆ ಇಂಥ ಯಾವ ಆತಂಕವೂ ಇರಲಿಲ್ಲ. ಚಿತ್ರಕಥೆಯಲ್ಲೇ ಇಲ್ಲದ ಬೀದಿ ಬೆಕ್ಕು ಅದು. ಸ್ಟುಡಿಯೋದಲ್ಲಿ ಅಡ್ಡಾಡುತ್ತಿದ್ದುದನ್ನು ಕೊಪ್ಪೊಲಾ ಎತ್ತಿ ಬ್ರಾಂಡೊ ಕೈಗೆ ಕೊಟ್ಟರು. ಅದಕ್ಕೆ ಎಷ್ಟು ಹಿತವಾಯಿತೆಂದರೆ, ಅದರ ಗುರುಗುರು ಸದ್ದಿನಲ್ಲಿ ಸಂಭಾಷಣೆಯೇ ಮುಳುಗಿಹೋಯಿತು.

1973ರ ಆಸ್ಕರ್ ಸಮಾರಂಭದಲ್ಲಿ ಚಿತ್ರಕ್ಕೆ ಮೂರು ಪ್ರಶಸ್ತಿ ಬಂದವು: ಅತ್ಯುತ್ತಮ ಚಿತ್ರ, ನಟ, ಚಿತ್ರಕಥೆ. ಬ್ರಾಂಡೊ ತಮ್ಮದನ್ನು ತಿರಸ್ಕರಿಸಿದ್ದು ದೊಡ್ಡ ಸುದ್ದಿಯಾಯಿತು. ಛಾಯಾಗ್ರಹಣದ ನಾಮಕರಣ ಪಟ್ಟಿಯಲ್ಲಿ ವಿಲ್ಲಿಸ್ ಹೆಸರೇ ಇರಲಿಲ್ಲ. ಅವರಿಗೆ ಗೌರವ ಆಸ್ಕರ್ ಸಿಕ್ಕಿದ್ದು 2009ರಲ್ಲಿ, 78ನೇ ವಯಸ್ಸಿನಲ್ಲಿ.