ಚಿಕ್ಕಮ್ಮ ಪೈಪು ನುಂಗಿದ್ದು

ಹಾರ್ಟ್ ಆಪರೇಷನ್ನು ಅಂದ ತಕ್ಷಣ ನಮ್ಮ ಲಕ್ಕೂರು ಕಡೆ ದುಡ್ಡಿನ ಲೆಕ್ಕ ಶುರುವಾಗುತ್ತೆ. ಅದಕ್ಕೆ ಮುಂಚೆ ಮಾಡೋ ಸ್ಕ್ಯಾನಿನ ಮಾತು ಯಾರೂ ಎತ್ತಲ್ಲ. ಆದ್ರೆ ಯಾವ ಆಪರೇಷನ್ನು ಅಂತ ತೀರ್ಮಾನ ಮಾಡೋದೇ ಆ ಸ್ಕ್ಯಾನು.

ನಮ್ಮ ಚಿಕ್ಕಮ್ಮನಿಗೆ ಚಿಕ್ಕ ವಯಸ್ಸಲ್ಲಿ ಗಂಟಲು ನೋವು ಬಂದು, ಆಮೇಲೆ ಕೀಲೆಲ್ಲ ಊದ್ಕೊಂಡಿತ್ತಂತೆ. ಆ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನ ಕೆಡಿಸಿತ್ತು. ಎದೆಗೆ ಜೆಲ್ ಸವರಿ ಎಕೋ ಮಾಡಿದ್ರು. ಅದರಲ್ಲಿ ಎಕ್ಸ್‌ರೇ ಇಲ್ಲ, ಬರೀ ಶಬ್ದದ ಅಲೆ. 4ರಿಂದ 6 ಚದರ ಸೆಂಟಿಮೀಟರ್ ತೆರ್ಕೋಬೇಕಾದ ಕವಾಟ 1ಕ್ಕೆ ಇಳಿದಿತ್ತು. ರೆಕ್ಕೆ ಎಷ್ಟು ದಪ್ಪ, ಸುಣ್ಣ ಕಟ್ಟೈತಾ, ರಕ್ತ ಹಿಂದಕ್ಕೆ ಸೋರ್ತೈತಾ, ಎಲ್ಲಾ ಅದರಲ್ಲೇ ನೋಡ್ತಾರೆ. ಕವಾಟ ಮೆತ್ತಗಿದ್ರೆ ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಅಗಲ ಮಾಡ್ತಾರೆ. ಬೆಂಗಳೂರಿನ ಜಯದೇವದಂಥ ಆಸ್ಪತ್ರೆಗಳಲ್ಲಿ ಇದನ್ನ ಮಾಡ್ತಾರೆ. ತೀರಾ ಕೆಟ್ಟಿದ್ರೆ ಎದೆ ತೆರೆದು ಕವಾಟ ಬದಲಿಸೋದು.

ಚಿಕ್ಕಮ್ಮನದು ಬಲೂನಿಗೆ ಆಗೋ ಹಂಗಿತ್ತು. ಅಷ್ಟರಲ್ಲಿ ಡಾಕ್ಟ್ರು, ಗಂಟಲೊಳಗಿಂದ ಇನ್ನೊಂದು ಎಕೋ ಬೇಕು ಅಂದ್ರು.

"ಮುದ್ದೆ ನುಂಗಕ್ಕೇ ಆಗ್ತಿಲ್ಲ, ಪೈಪು ನುಂಗ್ತೀನಾ? ನಂಗ್ ಬ್ಯಾಡ ಕಣಮ್ಮ," ಅಂದ್ಳು.

"ಒಂದ್ಸಲ ನೋಡಾಯ್ತಲ್ಲ, ಮತ್ಯಾಕೆ?" ಅಂದ್ರು ಚಿಕ್ಕಪ್ಪ.

ಯಾಕಂದ್ರೆ ಹೃದಯದ ಎಡಗಡೆ ಮೇಲಿನ ಕೋಣೆ ಅನ್ನನಾಳಕ್ಕೆ ಅಂಟ್ಕೊಂಡೇ ಇರುತ್ತೆ. ಆ ಕೋಣೆಯ ಮೂಲೇಲಿ ರಕ್ತ ಹೆಪ್ಪುಗಟ್ಟಿದ್ರೆ ಎದೆ ಮೇಲಿನ ಎಕೋದಲ್ಲಿ ಸರಿಯಾಗಿ ಕಾಣಲ್ಲ. ಬಲೂನು ಹಾಕುವಾಗ ಅದು ಕಿತ್ಕೊಂಡು ಮಿದುಳಿಗೆ ಹೋದ್ರೆ ಲಕ್ವ.

ಮಾಲೂರಿಂದ ರೈಲಲ್ಲಿ ಬರೀ ಹೊಟ್ಟೇಲೇ ಹೋದ್ವಿ. 6 ಗಂಟೆ ಏನೂ ತಿನ್ನೋ ಹಂಗಿರಲಿಲ್ಲ. ಗಂಟಲಿಗೆ ಮರಗಟ್ಟೋ ಸ್ಪ್ರೇ ಹೊಡೆದು, ಎಡಮಗ್ಗುಲಿಗೆ ಮಲಗಿಸಿ, ಬೆರಳು ದಪ್ಪದ ಕೊಳವೆ ಇಳಿಸಿದ್ರು. ಕಾಲು ಗಂಟೇಲಿ ಮುಗೀತು. ಚಿಕ್ಕಮ್ಮ ಕಾಫಿ ಕೇಳಿದ್ಳು, ನರ್ಸು ಬಿಡಲಿಲ್ಲ. ಗಂಟಲಿಗೆ ಸ್ಪರ್ಶ ಬರೋಕೆ ಮುಂಚೆ ಕುಡಿದ್ರೆ ಶ್ವಾಸಕೋಶಕ್ಕೆ ಹೋಗುತ್ತಂತೆ.

ಆ ಮೂಲೇಲಿ ಹೆಪ್ಪು ಇತ್ತು. ಬಲೂನು ನಿಂತೋಯ್ತು. ಚಿಕ್ಕಪ್ಪ ಮಾತೇ ಆಡಲಿಲ್ಲ.

1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಎಡ್ಲರ್ ಅನ್ನೋ ಡಾಕ್ಟ್ರು, ಹರ್ಟ್ಸ್ ಅನ್ನೋ ಭೌತವಿಜ್ಞಾನಿ ಮೊದಲು ಎಕೋ ಮಾಡಿದ್ದು. ಲೋಹದಲ್ಲಿ ಬಿರುಕು ಹುಡುಕೋ ಯಂತ್ರ ಕಡ ತಂದು ಹೃದಯ ನೋಡಿದ್ರಂತೆ. ಎಡ್ಲರ್‌ಗೆ ಬೇಕಾಗಿದ್ದು ಆಪರೇಷನ್ನಿಗೆ ಮುಂಚೆ ಮೈಟ್ರಲ್ ಕವಾಟದ ಸ್ಥಿತಿ ತಿಳಿಯೋದು. ನಮ್ಮ ಚಿಕ್ಕಮ್ಮನ ಕಾಯಿಲೇನೇ.

ಈಗ ಅವಳು ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ತಗೋತಾವ್ಳೆ, ಆಗಾಗ ರಕ್ತ ಪರೀಕ್ಷೆ. ಮಸ್ಸೊಪ್ಪು ಬಿಡಬೇಕಾಗಿಲ್ಲ, ಆದ್ರೆ ಒಂದಿನ ಬುಟ್ಟಿಗಟ್ಟಲೆ, ಒಂದಿನ ಇಲ್ಲವೇ ಇಲ್ಲ ಅನ್ನೋ ಹಂಗಿರಬಾರದು. ಮೂರು ತಿಂಗಳಾದ ಮೇಲೆ ಹೆಪ್ಪು ಕರಗೈತಾ ಅಂತ ನೋಡಕ್ಕೆ ಮತ್ತೆ ಪೈಪು ನುಂಗಬೇಕು. ಈ ಸಲ ತಾರೀಖು ಬರೆಸ್ಕೊಂಡು ಬಂದಿದ್ದು ಚಿಕ್ಕಪ್ಪನೇ.